ಬಟ್ಟೆಯ ಕಪಾಟಿನಲ್ಲಿ ಸೂಜಿಮೆಣಸಿನ ಸಸಿ: ನನ್ನ ಅನುಭವ

ಸೂಜಿಮೆಣಸು ಎಂಬ ಪುಟ್ಟ, ಖಾರದ ಮೆಣಸಿನಕಾಯಿ ಹಕ್ಕಿಯ ಹಿಕ್ಕೆಯಿಂದ ತಾನಾಗಿ ಹುಟ್ಟಬೇಕೇ ಹೊರತು ಬಿತ್ತಿದರೆ ಏಳುವುದಿಲ್ಲ ಎಂಬುದು ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನವರ ಖಚಿತ ಅಭಿಪ್ರಾಯ. ನೇರ ಬಿಸಿಲು ಬಾರದ ಬೆಂಗಳೂರಿನ ಫ್ಲ್ಯಾಟಿನಲ್ಲಿ, ಅದೂ ಡಿಸೆಂಬರಿನಲ್ಲಿ, ಸಸಿ ಎಬ್ಬಿಸುತ್ತೇನೆ ಎಂದಾಗ ಅವರು "ಕಪಾಟಲ್ಲಿ ಬಟ್ಟೆ ಇಟ್ಕೊ ಮಾರಾಯ" ಎಂದಿದ್ದರು. ಈ ಸಲ ಅದೇ ಕಪಾಟಿನಿಂದ ಅರವತ್ತರ ಆಸುಪಾಸು ಸಸಿಗಳು ಹೊರಬಂದಿವೆ.

ನನಗೆ ದೊರೆತದ್ದು ಒಂದೇ ಖಾನೆ: ಆಳ ಮತ್ತು ಎತ್ತರ ಒಂದೂವರೆ ಅಡಿಯಷ್ಟು. 98 ಗುಳಿಗಳ ಪ್ರೋಟ್ರೇಯನ್ನು, ಅಂದರೆ ಸಸಿ ಎಬ್ಬಿಸುವ ಪ್ಲಾಸ್ಟಿಕ್ ತಟ್ಟೆಯನ್ನು, ಕತ್ತರಿಸಿ ತುಂಡು ಮಾಡಿಕೊಂಡರೆ ಬೇಗ ಮೊಳೆಯುವ ತಳಿಯನ್ನೂ ತಡವಾಗಿ ಮೊಳೆಯುವುದನ್ನೂ ಬೇರೆಬೇರೆಯಾಗಿ ಸರಿಸಬಹುದು. ಇಕ್ಕಟ್ಟಿನಲ್ಲಿ ಇದು ದೊಡ್ಡ ಅನುಕೂಲ.

ನಿಜವಾದ ತೊಡಕಿದ್ದುದು ಮೊಳಕೆಯಲ್ಲಿ. ಬ್ಯಾಡಗಿ, ಗುಂಟೂರು ತಳಿಗಳು ಬೆಚ್ಚಗಿದ್ದರೆ ಹತ್ತು ದಿನಗಳಲ್ಲಿ ತಲೆ ಎತ್ತುತ್ತವೆ. ಸೂಜಿಮೆಣಸು ಮೂರು ವಾರ ಕಾಯಿಸುತ್ತದೆ, ರಾತ್ರಿಯ ಉಷ್ಣಾಂಶ 16 ಡಿಗ್ರಿಯ ಹತ್ತಿರಕ್ಕೆ ಇಳಿಯುವ ಕಾಲದಲ್ಲಂತೂ ಒಡೆಯುವ ಬದಲು ಕೊಳೆಯುತ್ತದೆ. ಬೀಜವನ್ನು ಫ್ರಿಜ್ಜಿನ ಮೇಲಿಡಿ ಎನ್ನುವ ಸಲಹೆ ಹಳೆಯ ಫ್ರಿಜ್ಜುಗಳ ಕಾಲದ್ದು. ನಮ್ಮ ಮನೆಯದರ ಬಿಸಿಯೆಲ್ಲ ಪಕ್ಕದ ತಗಡಿನಿಂದ ಹೊರಹೋಗುತ್ತದೆ, ನೆತ್ತಿ ತಣ್ಣಗೇ ಇರುತ್ತದೆ. ಯುಪಿಎಸ್ ಕರೆಂಟು ಹೋಗಿ ಬಂದಾಗಷ್ಟೇ ಬೆಚ್ಚಗಾಗುತ್ತದೆ. ಕೆಲಸಕ್ಕೆ ಬಂದದ್ದು ಹಗಲಿರುಳು ಉರಿಯುವ ಇಂಟರ್‌ನೆಟ್ ರೂಟರ್. ಗಾಳಿ ಆಡಲೆಂದು ಅದರ ನಾಲ್ಕು ಮೂಲೆಗೆ ಬಾಟಲಿಯ ಮುಚ್ಚಳಗಳನ್ನಿಟ್ಟು, ಮೇಲೊಂದು ತೆಳು ಹಲಗೆ, ಹಲಗೆಯ ಮೇಲೆ ಬಿಗಿ ಮುಚ್ಚಳದ ಡಬ್ಬಿ, ಅದರೊಳಗೆ ಚೆನ್ನಾಗಿ ಹಿಂಡಿದ ಟಿಶ್ಯೂ ಕಾಗದದ ಮಡಿಕೆಯಲ್ಲಿ ಬೀಜ. ಥರ್ಮಾಮೀಟರು 28ರಿಂದ 30 ಡಿಗ್ರಿ ತೋರಿಸುತ್ತಿತ್ತು. ಬೀಜ ನೆನೆಸುವ ನೀರಿಗೆ ನಾನು ಬೆರೆಸುವ ಒಂದು ವಸ್ತುವಿದೆ. ಚಿಕ್ಕಪ್ಪನವರು ಸೋಲೊಪ್ಪುವ ತನಕ ಅದನ್ನು ಹೇಳುವುದಿಲ್ಲ. ಬಿಳಿಯ ಬೇರು ಎಳ್ಳಿನಷ್ಟು ಕಂಡೊಡನೆ ಟ್ರೇಗೆ ಇಳಿಸಬೇಕು. ಉದ್ದ ಬಿಟ್ಟರೆ ಅದು ಕಾಗದದೊಳಗೆ ಹೊಕ್ಕು, ಬಿಡಿಸುವಾಗ ತುದಿ ಮುರಿಯುತ್ತದೆ.

ಹಣ ಪೋಲಾದದ್ದು ಬೆಳಕಿನಲ್ಲಿ. ಗಿಡ ಬೆಳೆಸಲೆಂದೇ ಮಾರುವ ನೇರಳೆ ಬಣ್ಣದ ಗ್ರೋ ಲೈಟಿಗೆ ಸಾವಿರದ ಎಂಟುನೂರು ರೂಪಾಯಿ ತೆತ್ತೆ. ಅದರಡಿ ಸಸಿಗಳು ಸಣಕಲಾಗಿ ಬೆಳೆದು ಬಾಗಿದವು. ಅದರ ಜಾಗಕ್ಕೆ ತಲಾ 250 ರೂಪಾಯಿಯೊಳಗೆ ಸಿಕ್ಕ, 20 ವ್ಯಾಟಿನ ಎರಡು ಸಾಮಾನ್ಯ ಎಲ್‌ಇಡಿ ಟ್ಯೂಬುಗಳು ಬಂದವು. ಎಲೆಯಿಂದ ನಾಲ್ಕು ಬೆರಳಿನಷ್ಟೇ ಮೇಲೆ ತೂಗುಬಿಟ್ಟು, ಸಸಿ ಎತ್ತರವಾದಂತೆ ದಾರ ಎಳೆದು ಏರಿಸುತ್ತ ಹೋದರೆ ಗಿಡ ಗಿಡ್ಡವಾಗಿ, ಗಟ್ಟಿಯಾಗಿ ನಿಲ್ಲುತ್ತದೆ. ದಿನಕ್ಕೆ ಹದಿನಾಲ್ಕು ಗಂಟೆ ಉರಿಸಿದರೂ ತಿಂಗಳಿಗೆ ಹದಿನೇಳು ಯೂನಿಟ್ಟು, ನೂರು ರೂಪಾಯಿಯ ಆಚೀಚೆ.

ಹಿಂದಿನ ವರ್ಷ ಸಸಿಗಳನ್ನು ತಿಂದದ್ದು ಬುಡ ಕೊಳೆಯುವ ರೋಗ. ಸಂಜೆ ನೆಟ್ಟಗಿದ್ದ ಸಸಿ ಬೆಳಗ್ಗೆ ಬುಡ ನೂಲಿನಷ್ಟು ಸಣ್ಣಗಾಗಿ ಮಲಗಿರುತ್ತಿತ್ತು, ಎಲೆ ಮಾತ್ರ ಇನ್ನೂ ಹಸಿರು. ಈ ಸಲ ಟ್ರೇಗೆ ತುಂಬುವ ಕೊಕೊಪೀಟನ್ನು, ಅಂದರೆ ತೆಂಗಿನ ನಾರಿನ ಪುಡಿಯನ್ನು, ಮೂರ್ನಾಲ್ಕು ನೀರಿನಲ್ಲಿ ತೊಳೆದು ಉಪ್ಪು ಬಿಡಿಸಿ, ಈ ರೋಗವನ್ನು ತಡೆಯುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರದ ಪುಡಿ ಬೆರೆಸಿದೆ. ನೀರನ್ನು ಕೆಳಗಿನ ತಟ್ಟೆಯಿಂದಷ್ಟೇ ಕುಡಿಸಿದೆ, ಅದೂ ಟ್ರೇ ಎತ್ತಿದರೆ ಹಗುರ ಎನಿಸಿದಾಗ. ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನೊಂದು ಖಾನೆಯೊಳಗೆ ಮೆಲ್ಲಗೆ ಗಾಳಿ ಆಡಿಸುತ್ತಿತ್ತು. ಮಲಗಿದವು ಒಂದೆರಡು ಮಾತ್ರ.

ನಡುವೆ ಕುತೂಹಲಕ್ಕೆ ಸಾರಿನ ಪುಡಿಗೆಂದು ತಂದ ಬ್ಯಾಡಗಿ ಡಬ್ಬಿ ತಳಿಯ ಮೆಣಸಿನಕಾಯಿಯ ಬೀಜವನ್ನೂ ಹಾಕಿ ನೋಡಿದೆ; ಅರ್ಧಕ್ಕಿಂತ ಕಡಿಮೆ ಮೊಳೆತವು, ಆದರೆ ಮೊಳೆತವು ಸೊಗಸಾಗಿದ್ದವು. ಸಹೋದ್ಯೋಗಿಯೊಬ್ಬರು ಗುವಾಹಟಿಯಿಂದ ತಂದುಕೊಟ್ಟ ಭೂತ್ ಜೊಲೋಕಿಯಾ ಎಂಬ ಅತಿ ಖಾರದ ಮೆಣಸಿನಕಾಯಿ ಮೊಳೆಯುವುದರಲ್ಲಿ ಸೂಜಿಮೆಣಸಿಗಿಂತಲೂ ಸೋಮಾರಿ. ಮಜ್ಜಿಗೆಯಲ್ಲಿ ನೆನೆಸಿದ್ದಕ್ಕೂ ಬರಿ ನೀರಿನಲ್ಲಿ ನೆನೆಸಿದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ, ವಾಸನೆಯೊಂದನ್ನು ಬಿಟ್ಟರೆ.

ಆರು ಎಲೆ ಮೂಡಿದ ಮೇಲೆ ಸಸಿಗಳನ್ನು ಒಮ್ಮೆಗೇ ತಾರಸಿಗೆ ಒಯ್ಯಬಾರದು, ಎಲೆ ಬೆಳ್ಳಗೆ ಸುಡುತ್ತದೆ. ಬಾಲ್ಕನಿಯ ನೆರಳಿನಲ್ಲಿ ಒಂದೊಂದು ಗಂಟೆಯಿಂದ ಆರಂಭಿಸಿ, ಹತ್ತು ದಿನಗಳಲ್ಲಿ ಪೂರ್ಣ ಬಿಸಿಲಿಗೆ ರೂಢಿಸಿದೆ. ಹದಿನೈದು ಸಸಿಗಳನ್ನು ಗ್ರೋ ಬ್ಯಾಗಿಗೆ ಇಟ್ಟುಕೊಂಡು, ಉಳಿದವನ್ನು ಅಪಾರ್ಟ್‌ಮೆಂಟಿನವರಿಗೆ ಇಪ್ಪತ್ತು ರೂಪಾಯಿಗೊಂದರಂತೆ ಕೊಟ್ಟೆ; ಟ್ಯೂಬು, ಕೊಕೊಪೀಟು, ಟ್ರೇಗಳ ಖರ್ಚು ಬಹುಮಟ್ಟಿಗೆ ಹುಟ್ಟಿತು. ನೇರಳೆ ದೀಪದ ದುಡ್ಡು ಇನ್ನೂ ಬಾಕಿ ಇದೆ.