ಹುಟ್ಟಿನಿಂದಲೇ ಕೂಡಿಕೊಂಡ ಕತ್ತಿನ ಎಲುಬು: ಆಪರೇಷನ್‌ನಲ್ಲಿ ನಾವು ಪಾಲಿಸುವ ಕ್ರಮ

ದಾವಣಗೆರೆಯಲ್ಲಿ ಕತ್ತುನೋವೆಂದು ಬರುವವರಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರು, ತಲೆಹೊರೆ ಹೊತ್ತವರು ಬಹಳ. ಅವರ ನಡುವೆ ಆಗೊಮ್ಮೆ ಈಗೊಮ್ಮೆ ಗಿಡ್ಡ ಕತ್ತು, ಕೆಳಕ್ಕಿಳಿದ ಹಿಂದಲೆಯ ಕೂದಲು, ಸರಿಯಾಗಿ ತಿರುಗದ ತಲೆ ಕಾಣಸಿಗುತ್ತವೆ. 1912ರಲ್ಲಿ ಕ್ಲಿಪ್ಪೆಲ್ ಮತ್ತು ಫೈಲ್ ಎಂಬ ಫ್ರೆಂಚ್ ವೈದ್ಯರು ವಿವರಿಸಿದ, ಕತ್ತಿನ ಎಲುಬುಗಳು ಹುಟ್ಟಿನಿಂದಲೇ ಕೂಡಿಕೊಂಡಿರುವ ಸ್ಥಿತಿ ಇದು. ಮೂರೂ ಲಕ್ಷಣ ಒಟ್ಟಿಗಿರುವುದು ಅರ್ಧಕ್ಕಿಂತ ಕಡಿಮೆ ಜನರಲ್ಲಿ. ಆದ್ದರಿಂದ ಎಕ್ಸ್-ರೇ ತೆಗೆಯುವ ತನಕ ಎಷ್ಟೋ ಮಂದಿಗೆ ಇದು ಗೊತ್ತೇ ಇರುವುದಿಲ್ಲ.

ಕೂಡಿಕೊಂಡ ಜಾಗ ಸಾಮಾನ್ಯವಾಗಿ ನೋಯದು. ಅದರ ಮೇಲಿನ ಅಥವಾ ಕೆಳಗಿನ ಡಿಸ್ಕ್ (ಎಲುಬುಗಳ ನಡುವಿನ ಮೆತ್ತೆ) ಉಳಿದ ಚಲನೆಯನ್ನೆಲ್ಲ ತಾನೇ ಹೊತ್ತು ಸವೆಯುತ್ತದೆ. ಕೂಡಿದ ಎರಡು ಕಂತೆಗಳ ನಡುವೆ ಒಂದೇ ಒಂದು ಡಿಸ್ಕ್ ಉಳಿದಿದ್ದರೆ ನನಗೆ ಆತಂಕ ಹೆಚ್ಚು. ಸಣ್ಣ ಜಾರಿಬೀಳುವಿಕೆಯಲ್ಲೇ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ಸೋಲಬಹುದು.

ಎಂ.ಆರ್.ಐ. ಒಂದೇ ಸಾಲದು. 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಪದರದ ಸಿ.ಟಿ. ಬೇಕು, ಜೊತೆಗೆ ರಕ್ತನಾಳಗಳನ್ನು ತೋರಿಸುವ ಕತ್ತಿನ ಸಿ.ಟಿ. ಆಂಜಿಯೋಗ್ರಾಮ್. ಈ ರೋಗಿಗಳಲ್ಲಿ, ಕತ್ತಿನ ಎಲುಬುಗಳ ಮೂಲಕ ಮಿದುಳಿಗೆ ಹೋಗುವ ವರ್ಟಿಬ್ರಲ್ ರಕ್ತನಾಳ ಎಂದಿನ ದಾರಿ ಬಿಟ್ಟು ಒಳಗಡೆ ಹಾಯ್ದಿರಬಹುದು. ಖರ್ಚೆಂದು ಇದನ್ನು ಕೈಬಿಡುವುದನ್ನು ನಾನು ಒಪ್ಪುವುದಿಲ್ಲ. ಮೂತ್ರಪಿಂಡದ ಸ್ಕ್ಯಾನ್, ಹೃದಯದ ಎಕೋ, ಕಿವಿಯ ಪರೀಕ್ಷೆ ಮಾಡಿಸುತ್ತೇವೆ; ಈ ಅಂಗಗಳಲ್ಲೂ ಹುಟ್ಟುದೋಷ ಜೊತೆಯಾಗಿರುವುದುಂಟು.

ಅರಿವಳಿಕೆಯ ಘಟ್ಟವೇ ಕಠಿಣ. ತಲೆ ಹಿಂದಕ್ಕೆ ಬಾಗುವುದಿಲ್ಲ, ಬಲವಂತವಾಗಿ ಬಾಗಿಸಲೂಬಾರದು. ರೋಗಿ ಎಚ್ಚರವಿರುವಾಗಲೇ ಗಂಟಲು ಮರಗಟ್ಟಿಸಿ ಬಳುಕುವ ಫೈಬರ್ ಆಪ್ಟಿಕ್ ಸ್ಕೋಪ್ ಮೂಲಕ ಉಸಿರಾಟದ ಟ್ಯೂಬ್ ಹಾಕುತ್ತೇವೆ. ಮರಗಟ್ಟಿಸಲು ಸಿಂಪಡಿಸುವ ಲಿಗ್ನೊಕೇನ್ ಔಷಧ ಒಟ್ಟು ಪ್ರತಿ ಕಿಲೋ ತೂಕಕ್ಕೆ 9 ಮಿ.ಗ್ರಾಂ ಮೀರಬಾರದು. ಟ್ಯೂಬ್ ಕೂತ ಮೇಲೆ ಕೈಕಾಲು ಆಡಿಸಲು ಹೇಳಿ, ಆಡಿಸಿದ್ದನ್ನು ಕಣ್ಣಾರೆ ನೋಡಿಯೇ ನಿದ್ದೆ ಬರಿಸುವುದು. ಬೆನ್ನುಹುರಿ ಒತ್ತಿಹೋಗಿದ್ದರೆ ಸರಾಸರಿ ರಕ್ತದೊತ್ತಡ 85 ಮಿ.ಮೀ. ಪಾದರಸಕ್ಕಿಂತ ಇಳಿಯದಂತೆ ಕಾಯುತ್ತೇವೆ. ತಲೆ ಹಿಂದಕ್ಕೆ ಬಾಗಬಾರದೆಂದು ಭುಜದಡಿ ದಪ್ಪ ದಿಂಬು ಇಡುವುದಿಲ್ಲ.

ಎಲುಬು ಎಣಿಸುವಾಗ ತಪ್ಪು ಡಿಸ್ಕಿಗೆ ಕೈಹಾಕುವ ಅಪಾಯ ಇಲ್ಲಿ ದೊಡ್ಡದು. ಗಂಟಲಿನ ಕ್ರೈಕಾಯ್ಡ್ ಮೃದ್ವಸ್ಥಿಯ ಮಟ್ಟದಲ್ಲಿ ಸಿ6 (ಕತ್ತಿನ ಆರನೇ ಎಲುಬು) ಎಂಬ ಲೆಕ್ಕ ಗಿಡ್ಡ ಕತ್ತಿನಲ್ಲಿ ನಂಬಲಾಗದು. ಕೂಡಿದ ಎಲುಬಿನ ನಡುವೆ ಉಳಿದ ಡಿಸ್ಕಿನ ತುಣುಕು ನಿಜವಾದ ಡಿಸ್ಕಿನಂತೆಯೇ ಕಂಡು ಮೋಸ ಮಾಡುತ್ತದೆ. ಹಿಂಬದಿಯ ಕಮಾನುಗಳೂ ಅಂಟಿಕೊಂಡಿದ್ದರೆ ಅತ್ತಲಿಂದಲೂ ಗುರುತು ಸಿಗದು. ಎರಡನೇ ಎಲುಬಾದ ಸಿ2ರ ಗೂಟದಿಂದ ಕೆಳಕ್ಕೆ ಎಣಿಸಿ, ಸಿ.ಟಿ.ಯ ಪಕ್ಕನೋಟವನ್ನು ಸಿ-ಆರ್ಮ್ (ಆಪರೇಷನ್ ಕೋಣೆಯ ಎಕ್ಸ್-ರೇ ಯಂತ್ರ) ಚಿತ್ರದ ಪಕ್ಕದಲ್ಲೇ ತೂಗುಹಾಕಿ ಆಕಾರಕ್ಕೆ ಆಕಾರ ಹೊಂದಿಸುತ್ತೇನೆ. ಭುಜ ಅಡ್ಡಬಂದರೆ ಟೇಪ್ ಹಾಕಿ ಕೆಳಗೆಳೆಯಬಹುದು, ಆದರೆ ಜೋರಾಗಿ ಎಳೆದರೆ ತೋಳಿನ ನರಗಳಿಗೆ ಪೆಟ್ಟು. ಗುರುತಿನ ಸೂಜಿಯನ್ನು ಡಿಸ್ಕಿಗೆ ಚುಚ್ಚದೆ ಎಲುಬಿಗೇ ಪಿನ್ ಹಾಕಿ ನೋಡುತ್ತೇನೆ; ಲೆಕ್ಕ ತಪ್ಪಿದ್ದರೂ ಒಳ್ಳೆಯ ಡಿಸ್ಕ್ ಹಾಳಾಗದು.

ಮುಂಬದಿಯಿಂದ ಡಿಸ್ಕ್ ತೆಗೆದು, ಆ ಜಾಗದಲ್ಲಿ ಕೇಜ್ ಎಂಬ ಆಧಾರದ ತುಂಡು ಕೂರಿಸಿ, ಪ್ಲೇಟ್ ಬಿಗಿಯುವುದು ಉಳಿದವರಲ್ಲಿ ಮಾಡಿದಂತೆಯೇ, ಒಂದೆರಡು ಎಚ್ಚರಿಕೆ ಬಿಟ್ಟರೆ. ಕೂಡಿದ ಎಲುಬು ನಡುವಿನಲ್ಲಿ ಕಣಜದ ಸೊಂಟದಂತೆ ಸಪೂರ. ರೂಢಿಯ 14 ಮಿ.ಮೀ. ಸ್ಕ್ರೂ ಅಲ್ಲಿ ಬೆನ್ನುಹುರಿಯ ನಾಳಕ್ಕೆ ನುಗ್ಗಬಹುದು. ಹಾಗಾಗಿ ಪ್ರತಿ ಸ್ಕ್ರೂವಿನ ಉದ್ದವನ್ನೂ ಸಿ.ಟಿ.ಯಲ್ಲೇ ಅಳೆದು, ಸಪೂರ ಜಾಗ ಬಿಟ್ಟು ಹಾಕುತ್ತೇನೆ. ಅನ್ಕಸ್ ಎಂಬ ಪಕ್ಕದ ಏಣುಗಳು ಎರಡೂ ಬದಿ ಕಾಣದೆ ಮಧ್ಯರೇಖೆ ನಿಶ್ಚಯಿಸುವುದಿಲ್ಲ. ಆ ಗುರುತು ತಪ್ಪಿ ಡ್ರಿಲ್ ಅಡ್ಡ ಸರಿದರೆ ಸಿಗುವುದೇ ರಕ್ತನಾಳ.

ಕೂಡಿದ ಕಂತೆ ಉದ್ದ ಸನ್ನೆಕೋಲಾಗಿ ಹೊಸ ಜೋಡಣೆಯನ್ನು ಮೀಟುತ್ತಿರುತ್ತದೆ. ಎಲುಬು ಮೆತ್ತಗಿದ್ದರೆ, ಕತ್ತು ಸಡಿಲವಾಗಿ ಆಡುತ್ತಿದ್ದರೆ ಮುಂಬದಿಯ ಪ್ಲೇಟ್ ಒಂದನ್ನೇ ನಂಬುವುದಿಲ್ಲ, ಹಿಂಬದಿಯಿಂದಲೂ 3.5 ಮಿ.ಮೀ. ಸ್ಕ್ರೂ ಮತ್ತು ಕಂಬಿ ಹಾಕುತ್ತೇನೆ.

ಆಪರೇಷನ್ ಉದ್ದವಾದರೆ ಅವತ್ತು ರಾತ್ರಿ ಟ್ಯೂಬ್ ತೆಗೆಯುವುದಿಲ್ಲ. ಗಂಟಲು ಊದಿದರೆ ಇವರಿಗೆ ಮತ್ತೆ ಟ್ಯೂಬ್ ಹಾಕುವುದು ಬಹಳ ಕಷ್ಟ. ಕತ್ತು ಬಿಗಿದು ಉಬ್ಬಸ ಶುರುವಾದರೆ ಒಳಗೆ ರಕ್ತ ಕಟ್ಟಿದೆಯೆಂದೇ ತಿಳಿಯಬೇಕು. ಸ್ಕ್ಯಾನಿಗೆ ಕಳಿಸದೆ ಮಂಚದಲ್ಲೇ ಹೊಲಿಗೆ ಬಿಚ್ಚಬೇಕು. ಅದಕ್ಕೆ ಬೇಕಾದ ಸಾಮಾನು ತಲೆಗಿಂಬಿನ ಪಕ್ಕದಲ್ಲೇ ಇರುತ್ತದೆ. ಜಗಳೂರು, ಹೊಸದುರ್ಗದಂಥ ದೂರದ ಊರುಗಳ ಕಡೆಯವರನ್ನು ಊತ ಇಳಿದು, ನುಂಗುವುದು ಸರಿಹೋದ ಮೇಲೆಯೇ ಬಿಡುಗಡೆ ಮಾಡುತ್ತೇವೆ. ಕಾಲರ್ 6 ವಾರ. ತಲೆಹೊರೆ, ಬೆನ್ನಹೊರೆ ಆಮೇಲೂ ಬೇಡ: ಮನೆಯವರನ್ನು ಕೂರಿಸಿಕೊಂಡು, ಹಮಾಲಿ ಬಿಟ್ಟು ತೂಕದ ಕಾಟಾ ಅಥವಾ ಲೆಕ್ಕದ ಕೆಲಸ ಹುಡುಕಲು ಹೇಳುತ್ತೇನೆ.