ಹವಾಮಾನ ಸಂಶೋಧನೆಯ ಸುದ್ದಿಯನ್ನು ಓದುವ ಕ್ರಮ: ಮನೆಯ ಮಳೆ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು

ಹವಾಮಾನ ಬದಲಾವಣೆಯ ಕುರಿತ ಹೊಸ ಸಂಶೋಧನೆಯೊಂದು ಸುದ್ದಿಯಾದಾಗ ಕಾಫಿ ಸೀಮೆಯವರು ಮೊದಲು ಕೇಳುವುದು, ಇದು ನಮ್ಮ ಮಳೆಯ ಮಾತೋ ಬೇರೆ ಕಡೆಯದೋ ಎಂದು. ಕೇಳಲೇಬೇಕಾದ ಪ್ರಶ್ನೆಯಿದು. ಉತ್ತರ ತಲೆಬರಹದಲ್ಲಿ ಸಿಗುವುದಿಲ್ಲ. ಒಳಗಿನ ಅಂಕಿಗಳನ್ನು ಒಂದು ಕ್ರಮದಲ್ಲಿ ವಿಚಾರಿಸಿ ನೋಡಿದರೆ ಸಿಗುತ್ತದೆ.

ಮೊದಲು ನೋಡಬೇಕಾದದ್ದು ಹೋಲಿಕೆಯ ಕಾಲ. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ರಲ್ಲಿ ಭೂಮಿಯ ಸರಾಸರಿ ಉಷ್ಣಾಂಶ ಸುಮಾರು 1.55 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತ್ತು. ಈ ಏರಿಕೆಯನ್ನು ಲೆಕ್ಕ ಹಾಕಿದ್ದು 1850ರಿಂದ 1900ರವರೆಗಿನ ಸರಾಸರಿಗೆ ಹೋಲಿಸಿ. ನಮ್ಮ ಹವಾಮಾನ ಇಲಾಖೆ ಮುಂಗಾರು 'ವಾಡಿಕೆಗಿಂತ ಕಡಿಮೆ' ಎಂದಾಗ ಹೋಲಿಸುವುದು 1971ರಿಂದ 2020ರವರೆಗಿನ ಸರಾಸರಿಗೆ. ಅಳತೆಗೋಲುಗಳೇ ಬೇರೆಯಾದ್ದರಿಂದ ಎರಡು ಸುದ್ದಿಗಳನ್ನು ಒಟ್ಟಿಗಿಟ್ಟು ತೀರ್ಮಾನ ಮಾಡಬಾರದು. ಹಾಗೆಯೇ, 2015ರ ಪ್ಯಾರಿಸ್ ಒಪ್ಪಂದದ 1.5 ಡಿಗ್ರಿಯ ಮಿತಿ ಹಲವು ವರ್ಷಗಳ ಸರಾಸರಿಗೆ ಸಂಬಂಧಿಸಿದ್ದು. ಒಂದು ವರ್ಷ ಅದನ್ನು ದಾಟಿದ ಮಾತ್ರಕ್ಕೆ ಮಿತಿ ಮೀರಿತು ಎಂದು ಬರೆಯುವುದು ತಪ್ಪು.

ಎರಡನೆಯದಾಗಿ, ಎಣಿಸಿದ್ದು ಏನನ್ನು, ಎಲ್ಲಿ ಎಂದು ನೋಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಹೋದ್ಯೋಗಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶವನ್ನು ಒಮ್ಮೆಲೇ ಆವರಿಸುವ ಅತಿವೃಷ್ಟಿಯ ಘಟನೆಗಳು 1950ರಿಂದ 2015ರ ಅವಧಿಯಲ್ಲಿ ಮೂರು ಪಟ್ಟಾಗಿವೆ. ಅದೇ ಪ್ರದೇಶದಲ್ಲಿ ಮುಂಗಾರಿನ ಒಟ್ಟು ಮಳೆ ಇಳಿಮುಖವಾಗಿತ್ತು ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಮಳೆ ಹೆಚ್ಚಿತೋ ಕಡಿಮೆಯಾಯಿತೋ ಎಂಬ ನಮ್ಮ ಕಟ್ಟೆಯ ಚರ್ಚೆ ಎಂದಿಗೂ ಮುಗಿಯದಿರುವುದಕ್ಕೆ ಕಾರಣ ಬಹುಶಃ ಇದೇ: ಸುರಿಯುವ ದಿನ ವಿಪರೀತ ಸುರಿದು, ಉಳಿದ ದಿನ ಬಿಡುವು ಕೊಟ್ಟರೆ, ಎರಡು ಪಕ್ಷದವರ ಮಾತೂ ನಿಜವಾಗಿರುತ್ತದೆ. ಆದರೆ ಆ 'ಮೂರು ಪಟ್ಟು' ಮಧ್ಯ ಭಾರತದ ಲೆಕ್ಕ. ಅದನ್ನು ಸಕಲೇಶಪುರಕ್ಕೋ ಮಡಿಕೇರಿಗೋ ತಂದು ಅಂಟಿಸಬಾರದು.

ಮೂರನೆಯದು ಪದಗಳ ತೂಕ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ತನ್ನ ವರದಿಗಳಲ್ಲಿ ಬಳಸುವ ಸಂಭಾವ್ಯತೆಯ ಒಂದೊಂದು ಪದಕ್ಕೂ ಗೊತ್ತುಪಡಿಸಿದ ಅಳತೆಯಿದೆ. ನಾವು ಕನ್ನಡದಲ್ಲಿ 'ಸಾಧ್ಯತೆ ಇದೆ' ಎಂದು ಬರೆಯುವ ಕಡೆ ಮೂಲದಲ್ಲಿ ನೂರಕ್ಕೆ ಕನಿಷ್ಠ 66ರಷ್ಟು ಎಂಬ ಅರ್ಥವಿರುತ್ತದೆ. ಅದರ ಮೇಲಿನ ಮಟ್ಟ 90, ಅದಕ್ಕೂ ಮೇಲಿನದು 99. ನಮ್ಮ ಆಡುಮಾತಿನಲ್ಲಿ 'ಸಾಧ್ಯತೆ ಇದೆ' ಎಂದರೆ ಆದರೂ ಆದೀತು, ಆಗದೆಯೂ ಹೋದೀತು ಎಂದಷ್ಟೇ. ಈ ಅನುವಾದದಲ್ಲಿ ವಿಜ್ಞಾನಿಗಳ ದೃಢವಾದ ಮಾತು ಎಷ್ಟೋ ಸಲ ಸಡಿಲವಾಗಿಬಿಡುತ್ತದೆ ಎಂಬುದು ನನಗೆ ನಿಜವಾಗಿಯೂ ನೋವಿನ ವಿಷಯ. ಸಾಧ್ಯವಾದರೆ ಸುದ್ದಿಯಲ್ಲಿ ಅಂಕಿಯನ್ನು ಹುಡುಕಿ, ಅಂಕಿಯನ್ನೇ ನಂಬಿ.

ಇನ್ನು ಒಂದು ನಿರ್ದಿಷ್ಟ ದುರಂತದಲ್ಲಿ ತಾಪಮಾನ ಏರಿಕೆಯ ಪಾಲೆಷ್ಟು ಎಂದು ಹೇಳುವ ಅಧ್ಯಯನಗಳು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲೆಗಳನ್ನು ಭೂಕುಸಿತ ಕೊಚ್ಚಿಕೊಂಡು ಹೋಯಿತು. ವರ್ಲ್ಡ್ ವೆದರ್ ಅಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡ ಸುಮಾರು ಎರಡು ವಾರಗಳಲ್ಲಿ ಅಧ್ಯಯನ ನಡೆಸಿ, ಒಂದೇ ದಿನದಲ್ಲಿ ಬಿದ್ದ 140 ಮಿಲಿಮೀಟರ್ ದಾಟಿದ ಆ ಮಳೆಯ ಬಿರುಸನ್ನು ಹವಾಮಾನ ಬದಲಾವಣೆ ಸುಮಾರು ಶೇಕಡಾ 10ರಷ್ಟು ಹೆಚ್ಚಿಸಿದೆ ಎಂದು ಅಂದಾಜು ಮಾಡಿತು. ಇಂದಿನ ಭೂಮಿಯನ್ನೂ ಬಿಸಿಯೇರದ ಭೂಮಿಯನ್ನೂ ಕಂಪ್ಯೂಟರ್ ಮಾದರಿಗಳಲ್ಲಿ ಅಕ್ಕಪಕ್ಕ ಇಟ್ಟು, ಅಂಥದೇ ಮಳೆ ಎರಡರಲ್ಲಿ ಎಷ್ಟೆಷ್ಟು ಸುರಿಯುತ್ತದೆ ಎಂದು ನೋಡುವುದು ಇದರ ವಿಧಾನ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವವನ್ನು ಹಿಡಿಯಬಲ್ಲದು ಎಂಬ ಭೌತಶಾಸ್ತ್ರದ ನಿಯಮಕ್ಕೂ ಈ ಅಂದಾಜಿಗೂ ಹೊಂದಿಕೆಯಿದೆ. ಆದರೆ ಆ ಶೇಕಡಾ 10 ಮಳೆಯ ಲೆಕ್ಕವೇ ಹೊರತು ಕುಸಿತದ ಲೆಕ್ಕವಲ್ಲ. ಇಳಿಜಾರು, ಮಣ್ಣು, ಕಾಡು ಕಡಿದದ್ದು, ಗುಡ್ಡ ಅಗೆದದ್ದು ಇವೆಲ್ಲ ಬೇರೆಯಾಗಿ ಕೇಳಬೇಕಾದ ಪ್ರಶ್ನೆಗಳು. ಎಲ್ಲವನ್ನೂ ತಾಪಮಾನದ ಮೇಲೆ ಹೊರಿಸಿದರೆ ಅಗೆದವರು ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುತ್ತಾರೆ. ಎಲ್ಲವನ್ನೂ ಅಗೆತದ ಮೇಲೆ ಹೊರಿಸಿದರೆ ಮಳೆಯ ಬದಲಾವಣೆಯನ್ನು ಯಾರೂ ಗಮನಿಸದಂತಾಗುತ್ತದೆ.

ಇಷ್ಟಾದ ಮೇಲೆ ಮನೆಯ ಮಳೆ ಪುಸ್ತಕವನ್ನು ತೆರೆಯಿರಿ. ನಮ್ಮಲ್ಲಿ ಅಜ್ಜನ ಕಾಲದಿಂದ ಬರೆದದ್ದಿದೆ: ಬೆಳಿಗ್ಗೆ ಅಂಗಳದ ಮಾಪಕದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ, ಇಂಚು ಮತ್ತು ಸೆಂಟ್‌ನಲ್ಲಿ ಬರೆಯುವುದು, ಕಾಫಿಯ ಹೂ ಅರಳಿಸುವ ಹೂಮಳೆ ಬಿದ್ದ ದಿನಕ್ಕೆ ಮಾತ್ರ ಕೆಂಪು ಶಾಯಿ. ಇಂಥ ಪುಸ್ತಕವನ್ನು ಇಲಾಖೆಯ ಲೆಕ್ಕಕ್ಕೆ ಹೊಂದಿಸುವುದು ಕಷ್ಟವಲ್ಲ. ನೂರು ಸೆಂಟ್ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ದಿನಕ್ಕೆ 2.5 ಮಿಲಿಮೀಟರ್ ಬಿದ್ದರೆ ಇಲಾಖೆ ಅದನ್ನು 'ಮಳೆ ದಿನ' ಎನ್ನುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಸೆಂಟ್. 64.5 ಮಿಲಿಮೀಟರ್‌ನಿಂದ 'ಭಾರಿ ಮಳೆ', ಎಂದರೆ ಎರಡೂವರೆ ಇಂಚು. 204.5 ದಾಟಿದರೆ 'ಅತ್ಯಂತ ಭಾರಿ', ಎಂಟು ಇಂಚಿನ ಆಚೆ.

ವರ್ಷದ ಮೊತ್ತವನ್ನಷ್ಟೇ ಕೂಡಬೇಡಿ, ಅದು ಬಹಳ ಸಂಗತಿಗಳನ್ನು ಮುಚ್ಚಿಡುತ್ತದೆ. ಪ್ರತಿ ವರ್ಷ ಎಷ್ಟು ಮಳೆ ದಿನ, ಎಷ್ಟು ಭಾರಿ ಮಳೆಯ ದಿನ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಿಲ್ಲದೆ ಕಳೆದ ಅತಿ ದೀರ್ಘ ಅವಧಿ ಎಷ್ಟು ದಿನ, ಹೂಮಳೆಯ ತಾರೀಖು ಯಾವುದು ಎಂದು ಬೇರೆ ಬೇರೆ ಕಂಬಸಾಲು ಹಾಕಿ. ಹೂಮಳೆಯಾಗಿ ಎಂಟು ಹತ್ತು ದಿನಕ್ಕೆ ಅರಳುವ ಹೂವಿಗೆ ಅಂದೇ ಇನ್ನೊಂದು ಮಳೆ ಹೊಡೆದಿದ್ದರೆ ಅದನ್ನೂ ಗುರುತಿಸಿ; ಫಸಲಿನ ನಷ್ಟ ಅಲ್ಲಿಂದಲೇ ಆರಂಭವಾಗುತ್ತದೆ. ಹತ್ತು ವರ್ಷದ ಅಂಕಿಯಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಮೂವತ್ತು ವರ್ಷವಾದರೂ ಬೇಕು, ಏಕೆಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊದಂಥ ಏರಿಳಿತಗಳು ಕೆಲವೇ ವರ್ಷಗಳ ಲೆಕ್ಕವನ್ನು ಸುಲಭವಾಗಿ ವಾಲಿಸಿಬಿಡುತ್ತವೆ.

ಪುಸ್ತಕವಿಲ್ಲದವರು ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದ ಈಚೆಗೆ ದೇಶದ ನಕ್ಷೆಯನ್ನು ಚೌಕಗಳಾಗಿ ಹಂಚಿ ಸಿದ್ಧಪಡಿಸಿರುವ ದಿನವಹಿ ಮಳೆಯ ದತ್ತಾಂಶವನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಒಂದೊಂದು ಚೌಕವೂ ಸುಮಾರು 25 ಕಿಲೋಮೀಟರ್ ಅಗಲ. ಘಟ್ಟದಲ್ಲಿ ಅಷ್ಟು ದೂರದೊಳಗೆ ಮಳೆ ಬಹಳ ಬದಲಾಗುತ್ತದೆ: ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿದರೆ, ಅದೇ ತಾಲ್ಲೂಕಿನ ತೀರ್ಥಹಳ್ಳಿ ಪೇಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಚೌಕದ ಅಂಕಿಯನ್ನು ನಿಮ್ಮ ತೋಟದ ಅಂಕಿಯೆಂದು ತಿಳಿಯದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಮಾತ್ರ ನೋಡಿ.

ಮಾಪಕದ ಬಗ್ಗೆ ಒಂದು ಮಾತು. ನಮ್ಮದನ್ನು ಒಮ್ಮೆ ಕಣದ ಪಕ್ಕದಿಂದ ಮನೆಯ ಹತ್ತಿರಕ್ಕೆ ತಂದಿಟ್ಟಿದ್ದರು, ಪುಸ್ತಕದಲ್ಲಿ ಆ ವಿಷಯ ಬರೆದಿರಲಿಲ್ಲ. ಅಲ್ಲಿಂದ ಮುಂದೆ ಮಳೆ ಕಡಿಮೆಯಾದಂತೆ ಕಂಡದ್ದು ಸೂರಿನ ಮರೆಯ ಪರಿಣಾಮವೆಂದು ತಿಳಿಯುವಷ್ಟರಲ್ಲಿ ಹಲವು ವರ್ಷಗಳ ಅಂಕಿ ಹೋಲಿಕೆಗೆ ಬಾರದಂತಾಗಿತ್ತು. ಮಾಪಕದ ಜಾಗ ಬದಲಾದರೆ, ಪಕ್ಕದ ಸಿಲ್ವರ್ ಓಕ್ ಬೆಳೆದು ಅದಕ್ಕೆ ಮರೆಯಾದರೆ, ಅಂದಿನ ತಾರೀಖಿನ ಎದುರಿಗೇ ಬರೆದಿಡಿ.