ಕುರಿಹಿಂಡಿನಲ್ಲಿ ನಾಯಿಮರಿ ಬೆಳೆಸಿ, ಗುಡ್ಡದ ತೋಳ ಉಳಿಸಿ

ಅಮೆರಿಕದ ಸ್ಯಾನ್ ಡಿಯಾಗೊ ಮೃಗಾಲಯದವರು 1980ರ ದಶಕದಿಂದಲೂ ಚೀತಾ ಮರಿಗೆ ನಾಯಿಮರಿಯನ್ನು ಜೊತೆ ಮಾಡಿ ಸಾಕುತ್ತಾರೆ. ಚೀತಾ ಬಲು ಅಂಜುಬುರುಕ. ಪಕ್ಕದ ನಾಯಿ ಆರಾಮಾಗಿ ಮಲಗಿದ್ದರೆ ಅದಕ್ಕೂ ಧೈರ್ಯ. ಊಟ ಮಾತ್ರ ಬೇರೆ ಬೇರೆ. ನಮೀಬಿಯಾದಲ್ಲಿ 1994ರಿಂದ ಕುರಿ, ಮೇಕೆ ಸಾಕುವವರಿಗೆ ಅನಟೋಲಿಯನ್ ತಳಿಯ ಕಾವಲು ನಾಯಿ ಕೊಡುತ್ತಿದ್ದಾರೆ. ನಾಯಿ ಹಿಂಡು ಕಾಯುತ್ತದೆ, ರೈತರು ಚೀತಾಕ್ಕೆ ಗುಂಡು ಹೊಡೆಯುವುದು ಕಡಿಮೆಯಾಗುತ್ತದೆ. ನಾಯಿಮರಿ ಯಾರ ಮಗ್ಗುಲಲ್ಲಿ ಬೆಳೆಯುತ್ತದೋ ಅವರೇ ಅದರ ಬಳಗ, ಅಷ್ಟೇ ಗುಟ್ಟು.

ನಮ್ಮದು ಗದಗ ಜಿಲ್ಲೆಯ ಮುಂಡರಗಿ ತಾಲೂಕು. ಕುರಿಯೇ ನಮ್ಮ ಬದುಕು. 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದಲ್ಲಿ ತೋಳಗಳಿವೆ. ಇಡೀ ದೇಶದಲ್ಲೇ ಅವು ಸುಮಾರು ಮೂರು ಸಾವಿರ ಅಂತಾರೆ. ಸತ್ತ ಕುರಿಗೆ ವಿಷ ಸವರಿ ಇಟ್ಟರೆ ತೋಳದ ಜೊತೆ ನರಿ, ಹದ್ದು, ನಮ್ಮದೇ ನಾಯಿ ಎಲ್ಲವೂ ಸಾಯುತ್ತವೆ. ಅದು ನನಗೆ ಒಂಚೂರೂ ಸೇರುವುದಿಲ್ಲ. ಕಾನೂನಿನಲ್ಲೂ ದೊಡ್ಡ ಅಪರಾಧ. ಅದಕ್ಕಿಂತ ನಾಯಿ ಬೆಳೆಸಿ.

ಹಿಂಡಿನಲ್ಲೇ ಇರುವ ನಾಯಿ ಈದಿದ್ದರೆ ಅದರ ಮರಿಯನ್ನೇ ತನ್ನಿ. ಮುಧೋಳ ನಾಯಿ ಚೆಂದ ನಿಜ, ಆದರೆ ಅದು ಓಡಿಸಿಕೊಂಡು ಹೋಗಿ ಬೇಟೆಯಾಡುವ ಜಾತಿ. ಕುರಿ ನಡುವೆ ಸುಮ್ನೆ ಕೂರುವ ಕೆಲಸಕ್ಕೆ ಬೇಡ.

ಮರಿಗೆ ಎಂಟು ವಾರ ತುಂಬಿದ ಮೇಲೆ ದೊಡ್ಡಿಯ ಒಂದು ಮೂಲೆಗೆ ಬಲೆ ಕಟ್ಟಿ, ಒಳಗೆ ಸಾಧು ಸ್ವಭಾವದ ಒಂದು ಹಳೇ ಕುರಿ, ನಾಲ್ಕಾರು ಕುರಿಮರಿ ಬಿಟ್ಟು, ನಾಯಿಮರಿಯನ್ನೂ ಅಲ್ಲೇ ಇಡಿ. ಮೊದಲು ಕುರಿ ಕಾಲಿನಿಂದ ನೆಲ ಕುಟ್ಟುತ್ತದೆ, ಒಂದೆರಡು ಸಲ ಹಾಯುತ್ತದೆ. ನಾಯಿಮರಿ ಕುಂಯ್ ಅಂತ ಮೂಲೆ ಸೇರುತ್ತದೆ. ಪೆಟ್ಟಾಗುವಂತೆ ಹಾಯದಿದ್ದರೆ ನೀವು ನಡುವೆ ಹೋಗಬೇಡಿ. ಆಮೇಲೆ ಕುರಿ ಬಂದು ಅದರ ಬೆನ್ನು ಮೂಸುತ್ತದೆ, ನಾಯಿಮರಿ ಕುರಿಯ ಬಾಯಿ ನೆಕ್ಕುತ್ತದೆ. ರಾತ್ರಿ ಚಳಿಗೆ ಕುರಿಮರಿಗಳ ಹೊಟ್ಟೆಗೆ ಒತ್ತಿಕೊಂಡು ಮಲಗಿತು ಅಂದ್ರೆ ಅರ್ಧ ಕೆಲಸ ಆಯಿತು.

ನಾಲ್ಕು ತಿಂಗಳಾಗುವ ತನಕ ಇದೇ ದಾರಿ. ಹಾಲು, ರೊಟ್ಟಿ ಅಲ್ಲಿಯೇ ಹಾಕಿ. ಕುರಿ ಬಾಯಿ ಹಾಕದಂತೆ ತಟ್ಟೆ ಮಾತ್ರ ಬೇರೆ ಕಡೆ ಇಡಿ. ಮುದ್ದು ಬರುತ್ತದೆ ಅಂತ ಮಕ್ಕಳು ಮನೆಗೆ ಎತ್ತಿಕೊಂಡು ಹೋಗಬಾರದು. ಮನೆಯ ರುಚಿ ಹತ್ತಿದ ನಾಯಿ ರಾತ್ರಿ ಮನೆ ಬಾಗಿಲಲ್ಲೇ ಇರುತ್ತದೆ. ಮೈ ಮುಟ್ಟಿ ನೋಡಿ, ಹೆಸರು ಹಿಡಿದು ಕರೆಯಿರಿ, ಸಾಕು.

ಆರನೇ ತಿಂಗಳ ಹೊತ್ತಿಗೆ ತುಂಟಾಟ ಜಾಸ್ತಿ. ಕುರಿಮರಿ ಅಟ್ಟಿಸಿಕೊಂಡು ಹೋಗುತ್ತದೆ, ಕಿವಿ, ಉಣ್ಣೆ ಕಚ್ಚಿ ಎಳೆಯುತ್ತದೆ. ಆ ಕ್ಷಣಕ್ಕೇ ಗದರಿ. ಆಮೇಲೆ ಹೊಡೆದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಕೆಲ ದಿನ ಮರಿಗಳಿಂದ ಬಿಡಿಸಿ ದೊಡ್ಡ ಟಗರುಗಳ ಜೊತೆ ಬಿಡಿ, ಅವೇ ಬುದ್ಧಿ ಕಲಿಸುತ್ತವೆ. ಒಂದೂವರೆ, ಎರಡು ವರ್ಷಕ್ಕೆ ಪಕ್ವವಾಗುತ್ತದೆ. ಅಲ್ಲಿಯ ತನಕ ಹಿಂಡನ್ನು ಅದೊಂದರ ಮೇಲೆ ಬಿಟ್ಟು ಬರಬೇಡಿ. ದೊಡ್ಡದಾದ ಮೇಲೂ ರಾತ್ರಿ ಬಲೆ ಕಟ್ಟಲೇಬೇಕು, ನಾಯಿಗಳು ಎರಡಿದ್ದರೆ ಒಳ್ಳೆಯದು.

ಸತ್ತ ಕುರಿಯ ತಲೆ, ಕರುಳನ್ನು ಹಸಿಯಾಗಿ ನಾಯಿಗೆ ಹಾಕಲೇಬೇಡಿ. ಅದರಿಂದ ನಾಯಿ ಹೊಟ್ಟೆಗೆ ಲಾಡಿಹುಳ ಸೇರಿ, ಅದರ ಮೊಟ್ಟೆ ಹುಲ್ಲಿಗೆ ಬಿದ್ದು, ಕುರಿಯ ಮಿದುಳಿನಲ್ಲಿ ಗುಳ್ಳೆ ಕಟ್ಟುತ್ತದೆ. ಒಂದೇ ಕಡೆ ಗಿರಗಿರ ಸುತ್ತಿ ಸಾಯುವ ಕುರಿ ನೋಡಿದ್ದೀರಲ್ವಾ, ಅದು ಇದೇ. ಪಶು ವೈದ್ಯರನ್ನು ಕೇಳಿ ನಾಯಿಗೆ ಹುಳದ ಔಷಧಿ ಹಾಕಿಸುತ್ತಿರಿ. ಹುಚ್ಚುನಾಯಿ ರೋಗ ಮತ್ತು ಡಿಸ್ಟೆಂಪರ್ (ನಾಯಿಗಳಿಗೆ ಬರುವ ಒಂದು ವೈರಸ್ ರೋಗ) ಲಸಿಕೆಯನ್ನೂ ತಪ್ಪಿಸಬೇಡಿ. ಇವೆರಡೂ ನಾಯಿಯಿಂದ ತೋಳಕ್ಕೆ ಹರಡುವ ರೋಗಗಳು.